ಡೆಪ್ಟ್‌ಫರ್ಡ್ ಹಡಗುಕಟ್ಟೆಯ 1753ರ ಪ್ರಿಂಟ್: ಅಸಲಿಯೇ, ಅದರಲ್ಲಿ ಏನಿದೆ, ಹೇಗೆ ಉಳಿಸಿಕೊಳ್ಳುವುದು?

ಪ್ರಶ್ನೆ: ಮೈಸೂರಿನ ನಮ್ಮ ಹಳೆಯ ಮನೆಯಲ್ಲಿ ಚೌಕಟ್ಟು ಹಾಕಿದ ಒಂದು ಇಂಗ್ಲಿಷ್ ಚಿತ್ರ ಇದೆ. ‘ಎ ಜಿಯೊಮೆಟ್ರಿಕಲ್ ಪ್ಲಾನ್ ಅಂಡ್ ನಾರ್ತ್ ಈಸ್ಟ್ ಎಲಿವೇಷನ್ ಆಫ್ ಹಿಸ್ ಮೆಜೆಸ್ಟೀಸ್ ಡಾಕ್-ಯಾರ್ಡ್ ಅಟ್ ಡೆಪ್ಟ್‌ಫರ್ಡ್’ ಎಂಬ ಶೀರ್ಷಿಕೆ, 1753 ಎಂಬ ಇಸವಿ. ಒಂದೇ ಹಾಳೆಯಲ್ಲಿ ನಕ್ಷೆಯೂ ಇದೆ, ನದಿಯ ಕಡೆಯಿಂದ ಕಾಣುವ ಕಟ್ಟಡ ಮತ್ತು ಹಡಗುಗಳೂ ಇವೆ. ಬಣ್ಣ ಹಾಕಲಾಗಿದೆ. ಕಾಗದ ಕಂದಿದೆ, ಅಲ್ಲಲ್ಲಿ ಕಂದು ಚುಕ್ಕೆ. ಇದು ನಿಜವಾಗಿ ಅಷ್ಟು ಹಳೆಯದೇ ಎಂದು ತಿಳಿಯುವುದು ಹೇಗೆ? ಚಿತ್ರದಲ್ಲಿ ಇರುವುದು ಏನೇನು? ಫ್ರೇಮ್ ಅಂಗಡಿಯವರು ಅಂಚು ಕತ್ತರಿಸಿ ಲ್ಯಾಮಿನೇಟ್ ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ. ಮಾಡಿಸಬಹುದೇ?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇವೆ, ಏಕೆಂದರೆ ಅದು ಕಾಯುವ ವಿಷಯವಲ್ಲ. ಅಂಚು ಕತ್ತರಿಸಲು ಬಿಡಬೇಡಿ, ಲ್ಯಾಮಿನೇಟ್ ಅಂತೂ ಖಂಡಿತ ಬೇಡ. ನಿಮ್ಮ ಹಾಳೆ ಯಾವ ಕಾಲದ್ದು ಎಂದು ಹೇಳುವ ಸಾಕ್ಷ್ಯದ ಬಹುಪಾಲು ಆ ಅಂಚಿನಲ್ಲೇ ಇರುತ್ತದೆ. ಲ್ಯಾಮಿನೇಷನ್ ಎಂದರೆ ಬಿಸಿಗೆ ಕರಗಿದ ಪ್ಲಾಸ್ಟಿಕ್ ಅಂಟು ಕಾಗದದ ನಾರಿನೊಳಗೆ ಇಳಿಯುವುದು. ಅದನ್ನು ಹಾಳೆಗೆ ಹಾನಿಯಾಗದಂತೆ ಬಿಡಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ನೀರಿನಲ್ಲಿ ನೆನೆದ ಹಾಳೆಯನ್ನೂ ಒಬ್ಬ ಒಳ್ಳೆಯ ಸಂರಕ್ಷಕ ಬಹುಮಟ್ಟಿಗೆ ಉಳಿಸಿಕೊಡಬಲ್ಲ, ಲ್ಯಾಮಿನೇಟ್ ಆದದ್ದನ್ನು ಕಂಡರೆ ಕೈಚೆಲ್ಲುತ್ತಾನೆ.

ಈಗ ಚಿತ್ರ ಯಾವುದು ಎಂಬುದಕ್ಕೆ ಬರೋಣ. ನೀವು ಕೊಟ್ಟ ಶೀರ್ಷಿಕೆ ಒಂದು ಹೆಸರಾಂತ ಸರಣಿಯದ್ದು. ಥಾಮಸ್ ಮಿಲ್ಟನ್ ಎಂಬಾತ 1753ರಿಂದ 1756ರ ನಡುವೆ ಬ್ರಿಟಿಷ್ ನೌಕಾಪಡೆಯ ಆರು ರಾಯಲ್ (ದೊರೆಯ ಒಡೆತನದ) ಹಡಗುಕಟ್ಟೆಗಳನ್ನು ಅಳತೆ ಮಾಡಿ ನಕ್ಷೆ ಬರೆದ: ಥೇಮ್ಸ್ ದಂಡೆಯ ಡೆಪ್ಟ್‌ಫರ್ಡ್ ಮತ್ತು ವುಲಿಚ್, ಮೆಡ್‌ವೇ ನದಿಯ ಚಾಟಮ್, ಅದೇ ನದಿಯ ಬಾಯಿಯಲ್ಲಿರುವ ಶಿಯರ್ನೆಸ್, ದಕ್ಷಿಣ ಕರಾವಳಿಯ ಪೋರ್ಟ್ಸ್‌ಮತ್ ಮತ್ತು ಪ್ಲಿಮತ್. ಆರರಲ್ಲೂ ನಕ್ಷೆ ಮತ್ತು ಎದುರುನೋಟ ಮುದ್ರಣಕ್ಕೆಂದು ಕೆತ್ತಿದ ಒಂದೇ ತಾಮ್ರದ ತಗಡಿನಲ್ಲಿ. ಡೆಪ್ಟ್‌ಫರ್ಡ್ ಹಾಳೆಯ ಹಡಗುಗಳನ್ನು ಬರೆದುಕೊಟ್ಟವನು ಹಿರಿಯ ಜಾನ್ ಕ್ಲೀವ್ಲಿ. ಆತ ಡೆಪ್ಟ್‌ಫರ್ಡಿನಲ್ಲೇ ಬದುಕಿದ, ಹಡಗುಕಟ್ಟೆಯ ಮರಗೆಲಸದಲ್ಲಿ ಪಳಗಿದ ಕಲಾವಿದ. ತಾಮ್ರಕ್ಕೆ ಇಳಿಸಿದವನು ಪಿಯೆರ್ ಶಾರ್ಲ್ ಕಾನೊ. ಆತ ಫ್ರಾನ್ಸಿನವನು, 1740ರಲ್ಲಿ ಇಂಗ್ಲೆಂಡಿಗೆ ಬಂದು ನೆಲೆನಿಂತ ಕೆತ್ತನೆಗಾರ, 1770ರಲ್ಲಿ ರಾಯಲ್ ಅಕಾಡೆಮಿಯ ಸಹಸದಸ್ಯನಾದ. ಚಿತ್ರದ ಕೆಳಗಿನ ಸಣ್ಣಕ್ಷರಗಳಲ್ಲಿ ಈ ಮೂವರ ಹೆಸರನ್ನು ಹುಡುಕಿ. ‘ಸರ್ವ್ ಎಟ್ ಡೆಲಿನ್’ ಎಂದಿದ್ದರೆ ಅಳೆದು ಬರೆದವನು, ‘ಪಿಂಕ್ಸ್’ ಎಂದಿದ್ದರೆ ಚಿತ್ರಿಸಿದವನು, ‘ಸ್ಕಲ್ಪ್’ ಎಂದಿದ್ದರೆ ತಗಡು ಕೆತ್ತಿದವನು. ಜೊತೆಗೆ ‘ಪಾರ್ಲಿಮೆಂಟಿನ ಕಾಯ್ದೆಯಂತೆ ಪ್ರಕಟಿತ’ ಎಂಬರ್ಥದ ಸಾಲು ಇರಬೇಕು. 1735ರಲ್ಲಿ ಬಂದ ಕೆತ್ತನೆಗಾರರ ಹಕ್ಕಿನ ಕಾಯ್ದೆ ಹದಿನಾಲ್ಕು ವರ್ಷದ ರಕ್ಷಣೆ ಕೊಡುತ್ತಿತ್ತು. ಅದಕ್ಕಾಗಿ ಪ್ರಕಟಣೆಯ ದಿನಾಂಕ ಮತ್ತು ಒಡೆಯನ ಹೆಸರನ್ನು ತಗಡಿನ ಮೇಲೇ ಕೆತ್ತಬೇಕಿತ್ತು.

ಆದರೆ ತಗಡಿನಲ್ಲಿ ಕೆತ್ತಿದ ಇಸವಿ ತಗಡಿನದು, ನಿಮ್ಮ ಹಾಳೆಯದಲ್ಲ. ಒಳ್ಳೆಯ ತಾಮ್ರದ ತಗಡನ್ನು ದಶಕಗಳವರೆಗೆ ಮಾರಿ, ಕೊಂಡು, ಮತ್ತೆ ಮುದ್ರಿಸುತ್ತಿದ್ದರು, ಹೊಸ ಮಾಲೀಕ ತನ್ನ ವಿಳಾಸವನ್ನಷ್ಟೇ ಬದಲಿಸುತ್ತಿದ್ದ. ಮತ್ತೆ ಇಪ್ಪತ್ತನೆಯ ಶತಮಾನದ ಫೋಟೊ ಪ್ರತಿಗಳಲ್ಲೂ ಅದೇ 1753 ಇರುತ್ತದೆ. ಆದ್ದರಿಂದ ‘ಇದು ಯಾವಾಗ ಮುದ್ರಣವಾಯಿತು’ ಎಂಬ ಪ್ರಶ್ನೆಯನ್ನು ಗೆರೆ ಮತ್ತು ಕಾಗದಕ್ಕೆ ಕೇಳಬೇಕು. ಹಳದಿ ಬಣ್ಣವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಐವತ್ತು ವರ್ಷದ ಅಗ್ಗದ ಕಾಗದ 1753ರ ಚಿಂದಿಬಟ್ಟೆಯ ಕಾಗದಕ್ಕಿಂತ ಬೇಗ ಹಳದಿಯಾಗುತ್ತದೆ.

ಪರೀಕ್ಷೆಗೆ ಬೇಕಾದದ್ದು ಹತ್ತು ಪಟ್ಟು ದೊಡ್ಡದಾಗಿಸುವ ಭೂತಗನ್ನಡಿ, ಮೊಬೈಲಿನ ಟಾರ್ಚ್, ಸ್ವಚ್ಛವಾದ ದೊಡ್ಡ ಬಿಳಿ ಹಾಳೆ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು, ಕೈಗವಸು ಬೇಡ, ಅದರಿಂದ ಬೆರಳಿನ ಹಿಡಿತವೇ ಹೋಗಿ ಅಂಚು ಹರಿಯುತ್ತದೆ. ಚೌಕಟ್ಟನ್ನು ಮುಖ ಕೆಳಗೆ ಮಾಡಿ ಮಲಗಿಸಿ, ಹಿಂದಿನ ಮೊಳೆಗಳನ್ನು ಒಂದೊಂದಾಗಿ ಬಿಡಿಸಿ. ಹಾಳೆ ಹಿಂದಿನ ರಟ್ಟಿಗೆ ಪೂರ್ತಿ ಅಂಟಿದ್ದರೆ ಅಲ್ಲಿಗೇ ನಿಲ್ಲಿಸಿ, ಎಳೆಯಬೇಡಿ. ಗಾಜಿಗೆ ಅಂಟಿದ್ದರಂತೂ ಇನ್ನೂ ಎಚ್ಚರ: ಒತ್ತಿ ಬಿಡಿಸಿದರೆ ಶಾಯಿ, ಬಣ್ಣ ಗಾಜಿನ ಮೇಲೆ ಉಳಿಯುತ್ತವೆ. ಎರಡೂ ಸಂದರ್ಭದಲ್ಲಿ ಹಾಗೇ ಸಂರಕ್ಷಕರ ಬಳಿಗೆ ಒಯ್ಯಿರಿ.

ಹಾಳೆ ಬಿಡಿಯಾಗಿ ಬಂದರೆ ಮೊದಲು ತಗಡಿನ ಅಚ್ಚು ನೋಡಿ. ತಾಮ್ರದ ತಗಡಿಗೆ ಶಾಯಿ ಹಚ್ಚಿ, ಮೇಲ್ಮೈ ಒರೆಸಿ, ಗೆರೆಗಳ ಗುಂಡಿಯಲ್ಲಿ ಮಾತ್ರ ಶಾಯಿ ಉಳಿಸಿ, ತೇವ ಮಾಡಿದ ಕಾಗದವನ್ನು ಅದರ ಮೇಲಿಟ್ಟು ಎರಡು ಉರುಳೆಗಳ ನಡುವೆ ಭಾರೀ ಒತ್ತಡದಲ್ಲಿ ಸಾಗಿಸುತ್ತಿದ್ದರು. ಆಗ ತಗಡಿನ ನಾಲ್ಕು ಅಂಚೂ ಕಾಗದದಲ್ಲಿ ತಗ್ಗಾಗಿ ಮೂಡುತ್ತವೆ. ಟಾರ್ಚನ್ನು ಹಾಳೆಯ ಮಟ್ಟಕ್ಕೆ ಮಲಗಿಸಿ ಬೆಳಕು ಹಾಯಿಸಿದರೆ ಚಿತ್ರದಿಂದ ಸ್ವಲ್ಪ ಆಚೆ ಆಯತಾಕಾರದ ಮೆಟ್ಟಿಲು ಕಾಣಬೇಕು. ಅದೇ ಬೆಳಕಿನಲ್ಲಿ ಗಾಢ ಗೆರೆಗಳು ಕಾಗದದ ಮೇಲೆ ಕೂದಲೆಳೆಯಷ್ಟು ಉಬ್ಬಿ ನಿಂತಿರುವುದು ಕಾಣುತ್ತದೆ. ತಗಡಿನ ಅಚ್ಚು ಇಲ್ಲದಿದ್ದರೆ ನಿರಾಶೆ ಬೇಡ, ಹಿಂದೆ ಯಾರೋ ಅಂಚು ಕತ್ತರಿಸಿರಬಹುದು. ಅಚ್ಚು ಇದ್ದ ಮಾತ್ರಕ್ಕೆ ಖುಷಿಯೂ ಬೇಡ: ಫೋಟೊಗ್ರಾವ್ಯೂರ್ (ಫೋಟೊದಿಂದ ತಗಡು ಮಾಡಿ ಮುದ್ರಿಸಿದ) ಪ್ರತಿಗಳಲ್ಲಿ ಅದು ಸಹಜವಾಗಿಯೇ ಇರುತ್ತದೆ, ಕೆಲವು ಅಲಂಕಾರದ ಪ್ರತಿಗಳಲ್ಲಿ ಖಾಲಿ ತಗಡು ಒತ್ತಿ ಕೃತಕವಾಗಿ ಮೂಡಿಸಿರುತ್ತಾರೆ.

ಹಾಗಾಗಿ ಗೆರೆಗೆ ಭೂತಗನ್ನಡಿ ಹಿಡಿಯಿರಿ. ಕಾನೊನಂಥ ಕೆತ್ತನೆಗಾರರು ಸಾಮಾನ್ಯವಾಗಿ ಆಮ್ಲದಿಂದ ಕೊರೆಸಿದ ಗೆರೆ ಮತ್ತು ಬ್ಯೂರಿನ್ ಎಂಬ ಉಳಿಯಿಂದ ಕೆತ್ತಿದ ಗೆರೆ ಎರಡನ್ನೂ ಬೆರೆಸುತ್ತಿದ್ದರು. ಆಮ್ಲದ ಗೆರೆ ಉದ್ದಕ್ಕೂ ಒಂದೇ ದಪ್ಪ, ತುದಿ ಮೊಂಡು. ಮರ, ಮಣ್ಣು, ಮೋಡಗಳಲ್ಲಿ ಹೆಚ್ಚು. ಬ್ಯೂರಿನ್ ಗೆರೆ ತೆಳುವಾಗಿ ಹುಟ್ಟಿ, ನಡುವೆ ಉಬ್ಬಿ, ಸೂಜಿಯಂತೆ ಮುಗಿಯುತ್ತದೆ. ನೀರಿನ ಅಲೆ, ಹಡಗಿನ ಮೈಯ ನೆರಳು, ಅಕ್ಷರಗಳಲ್ಲಿ ಅದನ್ನು ನೋಡಿ. ಎರಡೂ ಕಂಡರೆ ತಗಡು ನಿಜವಾದದ್ದು ಎನ್ನುವ ಸಾಧ್ಯತೆ ಹೆಚ್ಚು. ಗೆರೆ ಒಡೆದು ಚುಕ್ಕೆಗಳಾಗಿ ಕಂಡರೆ, ಅದರಲ್ಲೂ ಕೆಂಪು, ನೀಲಿ, ಹಳದಿ, ಕಪ್ಪು ಚುಕ್ಕೆಗಳು ಹೂವಿನಂತೆ ಜೋಡಿಸಿಕೊಂಡಿದ್ದರೆ, ಅದು ಆಫ್‌ಸೆಟ್ ಪ್ರತಿ, ಪರೀಕ್ಷೆ ಅಲ್ಲಿಗೆ ಮುಗಿಯಿತು. ಚುಕ್ಕೆ ಸಿಂಪಡಿಸಿದಂತೆ ಚದುರಿದ್ದರೆ ಇಂಕ್‌ಜೆಟ್. ಕೈಬಣ್ಣದ ಅಸಲಿಯಲ್ಲಿ ಕಪ್ಪು ಗೆರೆ ಮಾತ್ರ ಮುದ್ರಣ. ಬಣ್ಣ ಚುಕ್ಕೆಯಿಲ್ಲದ ತೆಳು ನೀರು, ಗೆರೆ ದಾಟಿ ಅಷ್ಟಿಷ್ಟು ಹರಿದಿರುತ್ತದೆ.

ನಮ್ಮಲ್ಲಿ ಹಲವರ ಮನೆಯಲ್ಲಿರುವ, 1790ರ ದಶಕದ ಶ್ರೀರಂಗಪಟ್ಟಣ ಮತ್ತು ಮೈಸೂರು ಸೀಮೆಯ ದುರ್ಗಗಳ ನೋಟಗಳಲ್ಲಿ ಕೆಲವು ಅಕ್ವಾಟಿಂಟ್ ವಿಧಾನದವು. ಅವುಗಳಲ್ಲಿ ರಾಳದ ಪುಡಿಯಿಂದಾದ ಸಣ್ಣ ಜಾಲರಿ ಕಾಣುವುದು ಸಹಜ, ಅದನ್ನು ಆಫ್‌ಸೆಟ್ ಚುಕ್ಕೆ ಎಂದು ತಪ್ಪು ತಿಳಿಯಬಾರದು. 1753ರ ಈ ಹಾಳೆಯಲ್ಲಿ ಮಾತ್ರ ಅಂಥ ಜಾಲರಿ ಇರಕೂಡದು. ಅಕ್ವಾಟಿಂಟ್ ಇಂಗ್ಲೆಂಡಿಗೆ ಬಂದದ್ದು 1770ರ ದಶಕದಲ್ಲಿ.

ಮುಂದೆ ಕಾಗದ. ಇದೇ ನಿಮ್ಮ ಅತಿ ದೊಡ್ಡ ಸಾಕ್ಷಿ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ, ಇಲ್ಲವೇ ಕಂಪ್ಯೂಟರಿನ ಬಿಳಿ ಪರದೆಯ ಮುಂದೆ ಮುಟ್ಟದಂತೆ ಹಿಡಿಯಿರಿ. ತಂತಿಯ ಜಾಲರಿಯಿಂದ ಎತ್ತಿದ ಹಳೆಯ ‘ಲೇಯ್ಡ್’ ಕಾಗದದಲ್ಲಿ ಒತ್ತೊತ್ತಾದ ಸಣ್ಣ ಗೆರೆಗಳೂ, ಅವಕ್ಕೆ ಅಡ್ಡವಾಗಿ ಸುಮಾರು 25 ಮಿಲಿಮೀಟರಿಗೊಂದರಂತೆ ಸರಪಳಿ ಗೆರೆಗಳೂ ಕಾಣುತ್ತವೆ. ಗೆರೆಯೇ ಇಲ್ಲದ ನಯವಾದ ‘ವೋವ್’ ಕಾಗದವನ್ನು ಇಂಗ್ಲೆಂಡಿನಲ್ಲಿ ಜೇಮ್ಸ್ ವಾಟ್‌ಮನ್ ತಯಾರಿಸಿದ್ದು 1750ರ ದಶಕದಲ್ಲಿ. ಅದು ಪುಸ್ತಕವೊಂದರಲ್ಲಿ ಮೊದಲಿಗೆ ಕಾಣಿಸಿಕೊಂಡದ್ದು 1757ರಲ್ಲಿ, ಎಲ್ಲ ಕಡೆ ಹರಡಿದ್ದು ಆ ಶತಮಾನದ ಕೊನೆಗೆ. ಅಂದಮೇಲೆ ವೋವ್ ಕಾಗದದ ಮೇಲಿನ ಡೆಪ್ಟ್‌ಫರ್ಡ್ 1753ರ ಮುದ್ರಣವಾಗಿರಲಾರದು, ತಗಡು ಅದೇ ಆದರೂ ಮುದ್ರಣ ತಡವಾದದ್ದು. ನೀರಚ್ಚಿನಲ್ಲಿ (ಬೆಳಕಿಗೆ ಹಿಡಿದಾಗ ಕಾಗದದೊಳಗೆ ಕಾಣುವ ಗುರುತಿನಲ್ಲಿ) ಇಸವಿ ಇದ್ದರೆ ಇನ್ನೂ ಸುಲಭ. ಇಂಗ್ಲಿಷ್ ಕಾಗದದ ನೀರಚ್ಚಿನಲ್ಲಿ ಇಸವಿ ಹಾಕುವ ರೂಢಿ 1794ರ ತೆರಿಗೆ ಕಾಯ್ದೆಯಿಂದ ಬಂದದ್ದು. ‘ಜೆ ವಾಟ್‌ಮನ್’ ಮತ್ತು ಒಂದು ಇಸವಿ ಕಂಡರೆ ಆ ಇಸವಿಗಿಂತ ಮುಂಚೆ ನಿಮ್ಮ ಹಾಳೆ ಮುದ್ರಣವಾಗಿಲ್ಲ ಎಂದೇ ಅರ್ಥ. ಲೇಯ್ಡ್ ಕಾಗದವಾಗಿ, ಕಿರೀಟ, ಗುರಾಣಿ, ಲಿಲ್ಲಿ ಹೂವಿನ ನೀರಚ್ಚು ಇದ್ದರೆ ಹದಿನೆಂಟನೆಯ ಶತಮಾನಕ್ಕೆ ಚೆನ್ನಾಗಿ ಹೊಂದುತ್ತದೆ.

ಅಳತೆಯಲ್ಲಿ ಎಡವುವವರು ಬಹಳ. ವಸ್ತುಸಂಗ್ರಹಾಲಯದ ಪ್ರತಿಗಿಂತ ನಿಮ್ಮದು ನಾಲ್ಕೈದು ಮಿಲಿಮೀಟರ್ ಚಿಕ್ಕದಿದ್ದರೆ ನಕಲಿ ಎಂದುಕೊಳ್ಳಬೇಡಿ. ತೇವದ ಕಾಗದ ಒಣಗುವಾಗ ಕುಗ್ಗುತ್ತದೆ, ಎಲ್ಲ ಹಾಳೆಯೂ ಒಂದೇ ಸಮ ಕುಗ್ಗುವುದಿಲ್ಲ. ಹತ್ತಿಪ್ಪತ್ತು ಮಿಲಿಮೀಟರ್ ವ್ಯತ್ಯಾಸ ಇದ್ದರೆ ಮಾತ್ರ ಅನುಮಾನಿಸಿ. ಹೋಲಿಸಲು ಗ್ರೀನಿಚ್‌ನ ನ್ಯಾಷನಲ್ ಮಾರಿಟೈಮ್ ಮ್ಯೂಸಿಯಂನ ಜಾಲತಾಣದ ಸಂಗ್ರಹ ಒಳ್ಳೆಯದು. ಚಿತ್ರವನ್ನಲ್ಲ, ಪ್ರಕಾಶಕರ ಸಾಲನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ. ಬಳಿಕ ಆಕಾಶ ಮತ್ತು ನೀರು ನೋಡಿ: ತಗಡು ಸವೆದಾಗ ಮೊದಲು ಮಾಯವಾಗುವುದು ಅಲ್ಲಿನ ತೆಳು ಗೆರೆ. ಅಲ್ಲಿ ಬೋಳು ಬೋಳಾಗಿದ್ದರೆ ತಡವಾದ ಮುದ್ರಣ.

ಬಣ್ಣ ಬೇರೆಯದೇ ವಿಷಯ. ಇಂಥ ಪ್ರಿಂಟ್‌ಗಳು ಬರಿಯ ಕಪ್ಪಿನಲ್ಲೂ ಮಾರಾಟವಾಗುತ್ತಿದ್ದವು, ಬಣ್ಣ ಹಾಕಿಯೂ ಮಾರಾಟವಾಗುತ್ತಿದ್ದವು. ಇಪ್ಪತ್ತನೆಯ ಶತಮಾನದಲ್ಲಿ ಅಲಂಕಾರಕ್ಕೆಂದು ಹೊಸದಾಗಿ ಬಣ್ಣ ಹಾಕಿದ ಅಸಲಿ ಹಾಳೆಗಳೂ ಧಾರಾಳ. ಹಾಳೆಯ ಹಿಂಬದಿ ನೋಡಿ. ಹಳೆಯ ಹಸಿರಿನಲ್ಲಿ ತಾಮ್ರದ ಕಿಲುಬಿನ ವರ್ಣದ್ರವ್ಯ ಇದ್ದರೆ ಅದು ಕಾಗದವನ್ನು ನಿಧಾನವಾಗಿ ಸುಡುತ್ತದೆ, ಮುಂದೆ ಹಸಿರಿರುವ ಜಾಗದ ಹಿಂದೆ ಕಂದು ನೆರಳು ಬೀಳುತ್ತದೆ. ಹಿಂಬದಿ ಸ್ವಚ್ಛ, ಮುಂಬದಿ ಹೊಳೆಹೊಳೆವ ಹಸಿರು ಎಂದರೆ ಬಣ್ಣ ಇತ್ತೀಚಿನದು ಎನ್ನುವ ಸಾಧ್ಯತೆಯೇ ಹೆಚ್ಚು.

ಬಾವುಟ ಇನ್ನೂ ಚೆನ್ನಾಗಿ ಸಾಕ್ಷಿ ಹೇಳುತ್ತದೆ. ಇಂದಿನ ಬ್ರಿಟಿಷ್ ಬಾವುಟದ ಕರ್ಣರೇಖೆಗಳಲ್ಲಿ ಕಾಣುವ ಕೆಂಪು ಪಟ್ಟಿ ಐರ್ಲೆಂಡಿನದು, ಸೇರಿದ್ದು 1801ರಲ್ಲಿ. 1753ರ ಬಾವುಟದಲ್ಲಿ ನೀಲಿಯ ಮೇಲೆ ಬಿಳಿಯ ಕರ್ಣರೇಖೆ, ಅದರ ಮೇಲೆ ಕೆಂಪು ನೇರ ಶಿಲುಬೆ, ಅಷ್ಟೇ. ಕರ್ಣರೇಖೆಯಲ್ಲಿ ಕೆಂಪು ತುಂಬಿದ್ದರೆ ಬಣ್ಣ ಹಾಕಿದವರು 1801ರ ನಂತರದವರು. ಹಡಗಿನ ತಳಕ್ಕೂ ಇದೇ ಪರೀಕ್ಷೆ. ಇಂಗ್ಲಿಷ್ ನೌಕಾಪಡೆ ಹಡಗಿನ ತಳಕ್ಕೆ ತಾಮ್ರದ ಹಾಳೆ ಹೊದಿಸಿ ಮೊದಲು ಪರೀಕ್ಷಿಸಿದ್ದು 1761ರಲ್ಲಿ, ‘ಅಲಾರ್ಮ್’ ಎಂಬ ಫ್ರಿಗೇಟಿನ ಮೇಲೆ. ಇಡೀ ನೌಕಾಬಲಕ್ಕೆ ಹೊದಿಸಿದ್ದು 1779ರ ನಂತರ. ಅದಕ್ಕೆ ಮುಂಚೆ ತಿಮಿಂಗಿಲದ ಎಣ್ಣೆ, ರಾಳ, ಗಂಧಕ ಬೆರೆಸಿದ ಬಿಳಿ ಲೇಪ, ಇಲ್ಲವೇ ಕೀಲೆಣ್ಣೆಯ ಕರಿ ಲೇಪ. ನಿಮ್ಮ ಚಿತ್ರದಲ್ಲಿ ದಡದ ಮೇಲಿರುವ ಹಡಗಿನ ತಳ ತಾಮ್ರಗೆಂಪಾಗಿದ್ದರೆ ಬಣ್ಣಗಾರನಿಗೆ 1753ರ ಹಡಗು ಗೊತ್ತಿರಲಿಲ್ಲ ಎಂದಾಯಿತು.

ಇನ್ನು ಚಿತ್ರದೊಳಗೆ ಹೋಗೋಣ. ಈ ಹಾಳೆಯನ್ನು ಗೋಡೆಯ ಅಲಂಕಾರವಾಗಿ ಮಾತ್ರ ನೋಡಿದರೆ ಅದರ ಮುಕ್ಕಾಲು ಭಾಗ ಕಳೆದುಕೊಂಡಂತೆ. ಇದು ಆ ಕಾಲದ ಬಹುದೊಡ್ಡ ಕೈಗಾರಿಕಾ ಸ್ಥಳವೊಂದರ ಅಳತೆಬದ್ಧ ದಾಖಲೆ.

ದಿಕ್ಕು ಮೊದಲು. ಡೆಪ್ಟ್‌ಫರ್ಡ್ ಇರುವುದು ಲಂಡನ್ ಸೇತುವೆಯಿಂದ ಕೆಳಕ್ಕೆ, ಥೇಮ್ಸಿನ ದಕ್ಷಿಣ ದಂಡೆಯಲ್ಲಿ. ಅಲ್ಲಿ ಅಂಗಳದ ನದಿಮುಖ ಈಶಾನ್ಯಕ್ಕೆ ತಿರುಗಿದೆ. ‘ನಾರ್ತ್ ಈಸ್ಟ್ ಎಲಿವೇಷನ್’ ಎಂದರೆ ಆ ಮುಖ. ನೋಡುವವರು ನದಿಯ ಮೇಲೆ ನಿಂತು ನೈಋತ್ಯಕ್ಕೆ ಕಣ್ಣು ಹಾಯಿಸಿದ್ದಾರೆ. ಎಂಟನೇ ಹೆನ್ರಿ 1513ರಲ್ಲಿ ಇಲ್ಲಿ ನೌಕಾಪಡೆಯ ಉಗ್ರಾಣ ಕಟ್ಟಿಸಿದ. ಆ ಇಸವಿಯ ಅಡಿಗಲ್ಲು ಈಗ ಯುನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿದೆ. 1753ರ ಹೊತ್ತಿಗೆ ಆ ಉಗ್ರಾಣದ ಸುತ್ತ ಚೌಕಾಕಾರದ ದೊಡ್ಡ ಕಟ್ಟಡ ಸಮೂಹವೇ ಬೆಳೆದಿತ್ತು. ನಕ್ಷೆಯಲ್ಲಿ ನಡುವೆ ಅಂಗಳವಿರುವ ಆ ಚೌಕವನ್ನು ಗುರುತಿಸಿಕೊಂಡರೆ ಉಳಿದದ್ದೆಲ್ಲ ಅದರಿಂದ ದಾರಿ ಹಿಡಿಯುತ್ತದೆ. ಬೇರೆ ಕಟ್ಟೆಗಳಿಗೂ ಸಾಮಗ್ರಿ ಇಲ್ಲಿಂದ ಹೋಗುತ್ತಿತ್ತು. ಕಟ್ಟೆಗಳನ್ನು ನಡೆಸುತ್ತಿದ್ದ ನೇವಿ ಬೋರ್ಡಿನ ಕಚೇರಿ ಲಂಡನ್ನಿನಲ್ಲಿ, ಡೆಪ್ಟ್‌ಫರ್ಡ್ ಅವರ ಕಣ್ಣಳತೆಯಲ್ಲಿ.

ನೀರಿನ ಅಂಚಿನಲ್ಲಿ ಮೂರು ಬಗೆಯ ರಚನೆ ಇದೆ, ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು. ನದಿಗೆ ಇಳಿಜಾರಾಗಿ ಬಾಯಿ ತೆರೆದಿರುವುದು ಸ್ಲಿಪ್: ಹೊಸ ಹಡಗನ್ನು ಅಲ್ಲಿ ಕಟ್ಟಿ, ದೊಡ್ಡ ಉಬ್ಬರದ ದಿನ ನೀರಿಗೆ ಜಾರಿಸುತ್ತಾರೆ. ಉದ್ದುದ್ದ ತೊಟ್ಟಿಯಂತೆ ಒಳಕ್ಕೆ ಚಾಚಿ ಬಾಗಿಲು ಹೊಂದಿರುವುದು ಡ್ರೈ ಡಾಕ್: ಉಬ್ಬರದಲ್ಲಿ ಹಡಗನ್ನು ಒಳಗೆ ತೇಲಿಸಿ, ಇಳಿತದಲ್ಲಿ ನೀರು ತಾನೇ ಹೊರಹೋದ ಮೇಲೆ ಬಾಗಿಲು ಮುಚ್ಚಿ ತಳದ ದುರಸ್ತಿ ಮಾಡುತ್ತಾರೆ. ಅಗಲವಾದ ಕೊಳದಂತಿರುವುದು ಬೇಸಿನ್: ಅದರಲ್ಲಿ ನೀರು ಯಾವಾಗಲೂ ನಿಂತಿರುತ್ತದೆ, ಹಡಗುಗಳು ಉಬ್ಬರ–ಇಳಿತದ ಗೊಡವೆಯಿಲ್ಲದೆ ತೇಲಿಕೊಂಡಿರುತ್ತವೆ. ಡೆಪ್ಟ್‌ಫರ್ಡಿನ ಡ್ರೈ ಡಾಕ್ ಜೋಡಿ ಡಾಕ್ ಆಗಿತ್ತು, ಒಂದರ ಹಿಂದೆ ಒಂದು ಎರಡು ಹಡಗು ನಿಲ್ಲುವಷ್ಟು ಉದ್ದ. ಜಾಗ ಉಳಿಯುತ್ತದೆ ನಿಜ, ಆದರೆ ಹೊರಗಿನ ಹಡಗಿನ ಕೆಲಸ ತಡವಾದರೆ ಒಳಗಿನದು ಮುಗಿದಿದ್ದರೂ ಸೆರೆಯಲ್ಲೇ ಇರಬೇಕು. ಹಡಗುಕಟ್ಟೆಗಳ ವಿಳಂಬಕ್ಕೆ ಇಂಥ ಸಣ್ಣ ಸಂಗತಿಗಳೇ ಕಾರಣವಾಗುತ್ತಿದ್ದವು.

ನಕ್ಷೆಯ ಮೂಲೆಯ ಅಳತೆಪಟ್ಟಿ ಇದನ್ನೆಲ್ಲ ಪರೀಕ್ಷಿಸಿ ನೋಡಲು ಇರುವ ಸಾಧನ. ಒಂದು ಕಾಗದದ ಪಟ್ಟಿಯ ಮೇಲೆ ಅದನ್ನು ಗುರುತು ಮಾಡಿಕೊಳ್ಳಿ (ಪೆನ್ಸಿಲಿನಿಂದ, ಪ್ರಿಂಟನ್ನು ಮುಟ್ಟದೆ; ಫೋಟೊ ತೆಗೆದು ಅದರ ಮೇಲೆ ಅಳೆದರೆ ಇನ್ನೂ ಒಳ್ಳೆಯದು). 1745ರ ನೌಕಾಪಡೆಯ ನಿಯಮದ ಪ್ರಕಾರ 50 ತೋಪಿನ ಹಡಗಿನ ತೋಪಿನ ಅಟ್ಟದ ಉದ್ದ 144 ಅಡಿ, 60 ತೋಪಿನದು 150 ಅಡಿ, 70 ತೋಪಿನದು 160 ಅಡಿ, 100 ತೋಪಿನದು 178 ಅಡಿ. ಪ್ರತಿ ಸ್ಲಿಪ್ಪನ್ನೂ ಡಾಕನ್ನೂ ಅಳೆದು ಈ ಸಂಖ್ಯೆಗಳ ಪಕ್ಕದಲ್ಲಿಟ್ಟರೆ ಯಾವುದರಲ್ಲಿ ಯಾವ ದರ್ಜೆಯ ಹಡಗು ಕೂರುತ್ತದೆ ಎಂದು ನೀವೇ ಹೇಳಬಹುದು. ಎದುರುನೋಟದಲ್ಲಿ ಮಾತ್ರ ಅಳೆಯಲು ಹೋಗಬೇಡಿ. ಅಲ್ಲಿ ಹಡಗುಗಳನ್ನು ಚಿತ್ರದ ಅಂದಕ್ಕೆ ಜೋಡಿಸಿರುತ್ತಾರೆ, ಯಾವುದೋ ಒಂದು ದಿನದ ನೋಟ ಅದಲ್ಲ. ಕ್ಲೀವ್ಲಿಯ ಹಗ್ಗ, ಹಾಯಿ, ಕೂವೆಮರಗಳ ವಿವರವನ್ನು ಮಾತ್ರ ಧೈರ್ಯವಾಗಿ ನಂಬಬಹುದು, ಆತ ಕಸುಬು ಬಲ್ಲವನು. ಜಾರಿಸುತ್ತಿರುವ ಹೊಸ ಹಡಗು ಇದ್ದರೆ ಅದಕ್ಕೆ ಕೂವೆಮರ ಇರುವುದಿಲ್ಲ, ತಾತ್ಕಾಲಿಕ ಕೋಲುಗಳ ಮೇಲೆ ದೊಡ್ಡ ದೊಡ್ಡ ಬಾವುಟ ಮಾತ್ರ. ಕೂವೆಮರ ನೆಡುವುದು ನೀರಿಗಿಳಿದ ಮೇಲೆ.

ಆ ಕೂವೆಮರಗಳಿಗೆ ಬೇಕಾದ ಕೊಳವನ್ನೂ ನಕ್ಷೆಯಲ್ಲಿ ಹುಡುಕಿ. ಮಾಸ್ಟ್ ಪಾಂಡ್ ಎನ್ನುವುದು ಅದೇ. ಪೈನ್ ಮರದ ಭಾರೀ ದಿಮ್ಮಿಗಳನ್ನು ನೀರಿನಲ್ಲಿ ಮುಳುಗಿಸಿಟ್ಟರೆ ಬಿರುಕು ಬಿಡುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ಗಾಳಿಗೆ ಬಿಟ್ಟರೆ ಎರಡೂ ಆಗುತ್ತದೆ. ಒಂದು ಇಂಚು ವ್ಯಾಸಕ್ಕೆ ಒಂದು ಗಜ ಉದ್ದ ಎಂಬುದು ಕೂವೆಮರದ ಲೆಕ್ಕ. ಮೂವತ್ತು ಇಂಚು ವ್ಯಾಸದ ಮರಕ್ಕೆ ತೊಂಬತ್ತು ಅಡಿ. ಅಂಥ ಮರ ಇಂಗ್ಲೆಂಡಿನಲ್ಲಿ ಇರಲಿಲ್ಲ. ಮಧ್ಯಮ ಗಾತ್ರದವು ಬಾಲ್ಟಿಕ್ ತೀರದ ರೀಗಾದಿಂದ, ಅತಿ ದೊಡ್ಡವು ಅಮೆರಿಕದ ನ್ಯೂ ಇಂಗ್ಲೆಂಡಿನಿಂದ ಬರುತ್ತಿದ್ದವು. ಮ್ಯಾಸಚೂಸೆಟ್ಸ್‌ನ 1691ರ ಸನ್ನದು ಖಾಸಗಿಯವರಿಗೆ ಅದಾಗಲೇ ಕೊಟ್ಟಿರದ ಜಮೀನಿನಲ್ಲಿ 24 ಇಂಚು ಮತ್ತು ಅದಕ್ಕಿಂತ ದಪ್ಪದ ಮರಗಳನ್ನೆಲ್ಲ ದೊರೆಗೆ ಮೀಸಲಿಟ್ಟಿತ್ತು.

ಉಳಿದ ಜಾಗದಲ್ಲಿ ಬಹುಪಾಲು ಬಯಲು. ನೋಡಿದವರಿಗೆ ಖಾಲಿ ಎನಿಸುತ್ತದೆ, ಆದರೆ ಕಟ್ಟೆಯ ಬಂಡವಾಳ ಬಿದ್ದಿರುವುದೇ ಅಲ್ಲಿ: ಓಕ್ ದಿಮ್ಮಿಗಳು ಒಟ್ಟಿಕೊಂಡು ಹದವಾಗುವ ಅಂಗಳ. ಇದೇ ದಶಕದ ಕೊನೆಗೆ, 1759ರಲ್ಲಿ, ಚಾಟಮ್‌ನಲ್ಲಿ ಕಟ್ಟಲು ಶುರುಮಾಡಿದ ‘ವಿಕ್ಟರಿ’ ಹಡಗಿಗೆ ಸುಮಾರು 6,000 ಮರ ಬೇಕಾಯಿತು, ಹೆಚ್ಚಿನವು ಓಕ್. ಹದವಾಗದ ಹಸಿ ಮರ ಹಾಕಿದ ಹಡಗು ಕೆಲವೇ ವರ್ಷಗಳಲ್ಲಿ ಒಳಗೊಳಗೇ ಕೊಳೆತು ಮತ್ತೆ ಅದೇ ಡಾಕಿಗೆ ಬರುತ್ತಿತ್ತು. ಅಂಗಳದ ಅಂಚಿನ ಸಾಲು ಗುಂಡಿಗಳು ಗರಗಸದವು: ಒಬ್ಬ ಮೇಲೆ, ಒಬ್ಬ ಗುಂಡಿಯೊಳಗೆ. ಇಲ್ಲಿ ಎಲ್ಲವೂ ಕೈಗೆಲಸ. ಚಾಟಮ್‌ನ ರಾಯಲ್ ಕಟ್ಟೆಗೆ ಉಗಿಯ ಗರಗಸದ ಗಿರಣಿ ಬಂದದ್ದು 1814ರ ಹೊತ್ತಿಗೆ. ಹಲಗೆ ಬಾಗಿಸುವ ಉಗಿಗೂಡುಗಳೂ ಇರುತ್ತವೆ; ಒಂದು ಇಂಚು ದಪ್ಪಕ್ಕೆ ಒಂದು ಗಂಟೆ ಉಗಿ ಎಂಬುದು ಬಡಗಿಗಳ ಲೆಕ್ಕ. ಲಂಗರು ಬಡಿಯುವ ಕುಲುಮೆಮನೆ, ಕೀಲೆಣ್ಣೆ ಕಾಯಿಸುವ ಪಿಚ್ ಹೌಸ್ ಎರಡೂ ಬೆಂಕಿಯ ಜಾಗ, ಮರದ ರಾಶಿಯಿಂದ ಅವು ಎಷ್ಟು ದೂರದಲ್ಲಿವೆ ಎಂದು ಅಳತೆಪಟ್ಟಿಯಿಂದ ನೋಡಿ.

ಒಂದನ್ನು ಹುಡುಕಿ ಬೇಸರಪಡಬೇಡಿ: ಹಗ್ಗ ಹೊಸೆಯುವ ಉದ್ದನೆಯ ಮನೆ ಡೆಪ್ಟ್‌ಫರ್ಡಿನಲ್ಲಿ ಇಲ್ಲ. ಥೇಮ್ಸ್ ಕಟ್ಟೆಗಳಿಗೆ ಹಗ್ಗ ವುಲಿಚ್‌ನಿಂದ ಬರುತ್ತಿತ್ತು. ಚಾಟಮ್, ಪೋರ್ಟ್ಸ್‌ಮತ್, ಪ್ಲಿಮತ್ ಹಾಳೆಗಳಲ್ಲಿ ಆ ಮನೆ ಇಡೀ ನಕ್ಷೆಯನ್ನೇ ಆಳುತ್ತದೆ.

ಅಧಿಕಾರಿಗಳ ಮನೆಗಳ ಸಾಲಿನಲ್ಲಿ ಮಾಸ್ಟರ್ ಶಿಪ್‌ರೈಟ್‌ನ ಮನೆಯನ್ನು ತಪ್ಪದೆ ಗುರುತಿಸಿ. ಕಟ್ಟುವ ಕೆಲಸಕ್ಕೆಲ್ಲ ಆತನೇ ಯಜಮಾನ. 1708ರಲ್ಲಿ ಕಟ್ಟಿದ ಆ ಮನೆ ಇಂದೂ ನದಿದಂಡೆಯಲ್ಲಿ ನಿಂತಿದೆ. ಗೇಟು ಮತ್ತು ಗಂಟೆಯನ್ನೂ ನೋಡಿ: ಕೆಲಸಗಾರರು ಗಂಟೆಯ ಮೇಲೆ ಬಂದು, ಗಂಟೆಯ ಮೇಲೆ ಹೋಗುತ್ತಿದ್ದರು. ಹೋಗುವಾಗ ಮೂರಡಿಗಿಂತ ಚಿಕ್ಕ ಮರದ ತುಂಡುಗಳನ್ನು ಹೊತ್ತೊಯ್ಯುವ ಹಕ್ಕು ಅವರಿಗಿತ್ತು. ಒಳ್ಳೆಯ ಮರವೂ ಮೂರಡಿಯ ತುಂಡಾಗಿ ಹೊರಹೋಗುತ್ತಿದೆ ಎಂದು ಬೋರ್ಡು ದೂರುತ್ತಲೇ ಇತ್ತು. 1801ರಲ್ಲಿ ಅದನ್ನು ನಿಲ್ಲಿಸಿ ಬದಲಿಗೆ ಹಣ ಕೊಡಲು ಶುರುಮಾಡಿದರು.

ಇಷ್ಟು ದೊಡ್ಡ ಕಟ್ಟೆ ಮುಚ್ಚಿದ್ದು ಏಕೆ ಎಂಬುದಕ್ಕೂ ಈ ಹಾಳೆಯಲ್ಲೇ ಸುಳಿವಿದೆ. ನದಿ ಕಿರಿದು, ದಂಡೆಯ ಮುಂದೆ ಹೂಳು, ಹಡಗುಗಳು ವರ್ಷ ವರ್ಷಕ್ಕೆ ಆಳವಾಗುತ್ತಿದ್ದವು. ಲಂಡನ್ ಹತ್ತಿರ ಎಂಬ ಅನುಕೂಲದಿಂದಲೇ ಡೆಪ್ಟ್‌ಫರ್ಡ್ ಬಹುಕಾಲ ಬದುಕಿತು. ಕ್ಯಾಪ್ಟನ್ ಕುಕ್‌ನ ‘ಎಂಡೆವರ್’ 1768ರಲ್ಲಿ ಸಿದ್ಧವಾದದ್ದು ಇಲ್ಲೇ. ಕಲ್ಲಿದ್ದಲು ಸಾಗಿಸುತ್ತಿದ್ದ ಹಡಗಿಗೆ ಹುಳು ಕೊರೆಯದಂತೆ ಹೊರಗೊಂದು ಹಲಗೆಯ ಹೊದಿಕೆ ಹಾಕಿದರು. ಕೊನೆಯ ಯುದ್ಧನೌಕೆ ‘ಡ್ರೂಯಿಡ್’ 1869ರ ಮಾರ್ಚಿನಲ್ಲಿ ನೀರಿಗಿಳಿಯಿತು, ಅದೇ ತಿಂಗಳು ಕಟ್ಟೆ ಮುಚ್ಚಿತು. ವುಲಿಚ್ ಕೂಡ ಅದೇ ವರ್ಷ ಮುಚ್ಚಿತು.

ಮೈಸೂರಿನವರಾದ ನಿಮಗೆ ಇನ್ನೊಂದು ಮಾತು. ಡೆಪ್ಟ್‌ಫರ್ಡಿನ ಪಕ್ಕದ ಗ್ರೀನಿಚ್ ವಸ್ತುಸಂಗ್ರಹಾಲಯದಲ್ಲಿ ‘ಸೆರಿಂಗಪಟಂ’ ಎಂಬ ನೌಕೆಯ ಮೂತಿಶಿಲ್ಪ ಇದೆ: ಛತ್ರಿ ಹಿಡಿದು ದೈತ್ಯ ಹಕ್ಕಿಯ ಮೇಲೆ ಕುಳಿತ ಟಿಪ್ಪು ಸುಲ್ತಾನನ ಆಕೃತಿ. 46 ತೋಪಿನ ಆ ಫ್ರಿಗೇಟ್ 1819ರಲ್ಲಿ ಮುಂಬೈ ಕಟ್ಟೆಯಲ್ಲಿ ತೇಗದಿಂದ ಆದದ್ದು. ಓಕ್ ಸಾಲದೆ ಬಂದಾಗ ನೌಕಾಪಡೆ ನಮ್ಮ ಪಶ್ಚಿಮ ಕರಾವಳಿಯ ತೇಗದ ಕಡೆ ತಿರುಗಿತು. ನಿಮ್ಮ ನಕ್ಷೆಯ ಓಕ್ ಅಂಗಳದ ಮುಂದಿನ ಅಧ್ಯಾಯ ಅದು.

ಇನ್ನು ಕಾಪಾಡುವುದು. ಹಿಂದಿರುವ ಹುಲ್ಲುರಟ್ಟು ಅಥವಾ ಪ್ಲೈವುಡ್ಡೇ ಮೊದಲ ಶತ್ರು, ಅದರ ಆಮ್ಲ ಕಾಗದಕ್ಕೆ ಇಳಿದು ಕಂದು ಮಾಡುತ್ತದೆ. ತೆಗೆದು, ಆಮ್ಲರಹಿತ ಮೌಂಟ್ ಬೋರ್ಡ್ ಹಾಕಿಸಿ. ಮುಂದೆ ಕಿಟಕಿಯಂತೆ ಕತ್ತರಿಸಿದ ಒಂದು ಬೋರ್ಡು, ಹಿಂದೆ ಒಂದು. ಹಾಳೆಯನ್ನು ಪೂರ್ತಿ ಅಂಟಿಸುವುದು ಬೇಡ. ಮೇಲಂಚಿನಲ್ಲಿ ಎರಡು ಕಡೆ ಜಪಾನೀ ಕಾಗದದ ಸಣ್ಣ ಪಟ್ಟಿಯನ್ನು ಗೋಧಿ ಪಿಷ್ಟದ ಅಂಟಿನಿಂದ ಹಚ್ಚಿ ತೂಗುಬಿಡಬೇಕು, ಆಗ ಮಳೆಗಾಲದಲ್ಲಿ ಹಾಳೆ ಹಿಗ್ಗಿದರೂ ಸುಕ್ಕಾಗುವುದಿಲ್ಲ. ಸೆಲೊಟೇಪ್, ಬಿಳಿ ಗೋಂದು, ಡಬಲ್ ಟೇಪ್ ಯಾವುದೂ ಕೂಡದು. ಗಾಜು ಹಾಳೆಗೆ ತಾಗಬಾರದು, ಮೂರ್ನಾಲ್ಕು ಮಿಲಿಮೀಟರ್ ಅಂತರ ಬೇಕು. ಅತಿನೇರಳೆ ಕಿರಣ ತಡೆಯುವ ಗಾಜು ಅಥವಾ ಅಕ್ರಿಲಿಕ್ ಸಿಕ್ಕರೆ ಹಾಕಿಸಿ. ತಗಡಿನ ಅಚ್ಚು ಪೂರ್ತಿ ಕಾಣುವಂತೆ ಕಿಟಕಿ ಕತ್ತರಿಸಲು ಹೇಳಿ.

ಹೊರಗೋಡೆ, ಅಡುಗೆಮನೆಯ ಗೋಡೆ, ಬಿಸಿಲು ಬೀಳುವ ಗೋಡೆ ಮೂರೂ ಬೇಡ. ತೇವಾಂಶ ಶೇ 45ರಿಂದ 55ರ ಆಸುಪಾಸು ಒಳ್ಳೆಯದು; ಶೇ 65 ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯುತ್ತದೆ. ಮೈಸೂರಿನಲ್ಲಿ ವರ್ಷದ ಬಹುಭಾಗ ತೊಂದರೆಯಿಲ್ಲ, ಮಳೆಗಾಲದಲ್ಲಿ ಚೌಕಟ್ಟಿನ ಹಿಂದೆ ಗಾಳಿಯಾಡಲು ಕೆಳಮೂಲೆಗಳಲ್ಲಿ ಎರಡು ಸಣ್ಣ ಕಾರ್ಕ್ ತುಂಡು ಅಂಟಿಸಿ. ಮಂಗಳೂರು, ಕಾರವಾರದ ಕಡೆಯಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯಿಂದ ಇಳಿಸಿ, ಆಮ್ಲರಹಿತ ಫೋಲ್ಡರಿನಲ್ಲಿ ಸಿಲಿಕಾ ಜೆಲ್ ಜೊತೆ ಮಲಗಿಸಿಡುವುದೇ ಲೇಸು. ಬೆಳ್ಳಿಹುಳು ಪಿಷ್ಟ ಹುಡುಕಿ ಬರುತ್ತದೆ, ಆರು ತಿಂಗಳಿಗೊಮ್ಮೆ ಹಿಂಬದಿ ತೆರೆದು ನೋಡಿ.

ಕಂದು ಚುಕ್ಕೆಗಳನ್ನು ಮನೆಯಲ್ಲಿ ಬ್ಲೀಚ್ ಮಾಡಲು ಹೋಗಬೇಡಿ. ಕ್ಲೋರಿನ್ ಚುಕ್ಕೆಯ ಜೊತೆ ನಾರನ್ನೂ ತಿನ್ನುತ್ತದೆ, ಕೈಬಣ್ಣವೂ ನೀರಿಗೆ ಹರಿಯುತ್ತದೆ. ಚುಕ್ಕೆ ಒಣಗಿದ್ದು, ಹೆಚ್ಚುತ್ತಿಲ್ಲವಾದರೆ ಬಿಟ್ಟುಬಿಡಿ. ಹೆಚ್ಚುತ್ತಿದ್ದರೆ, ಅಥವಾ ಹಾಳೆ ರಟ್ಟಿಗೆ ಅಂಟಿದ್ದರೆ, ಬೆಂಗಳೂರಿನಲ್ಲಿ ಇನ್‌ಟ್ಯಾಕ್ (ಪರಂಪರೆಯ ಸಂರಕ್ಷಣೆಗೆ ದುಡಿಯುವ ಸಂಸ್ಥೆ) ನಡೆಸುವ ಕಲಾ ಸಂರಕ್ಷಣಾ ಕೇಂದ್ರವಿದೆ, ಅಲ್ಲಿ ವಿಚಾರಿಸಿ. ಒಯ್ಯುವ ಮುನ್ನ ನಾಲ್ಕು ಮೂಲೆ, ಹಿಂಬದಿ, ನೀರಚ್ಚು, ಪ್ರಕಾಶಕರ ಸಾಲು ಇವುಗಳ ಸ್ಪಷ್ಟ ಫೋಟೊ ತೆಗೆದಿಟ್ಟುಕೊಳ್ಳಿ. ಹಳೆಯ ಚೌಕಟ್ಟಿನ ಹಿಂದೆ ಅಂಗಡಿಯ ಚೀಟಿ, ಕೈಬರಹ ಏನಾದರೂ ಇದ್ದರೆ ಅದನ್ನೂ ಎಸೆಯಬೇಡಿ, ಹಾಳೆ ನಿಮ್ಮ ಮನೆಗೆ ಬಂದ ದಾರಿ ಅದರಲ್ಲಿ ಸಿಗಬಹುದು.

ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವ ಯೋಚನೆ ಇದ್ದರೆ ಮೊದಲೇ ತಿಳಿದಿರಲಿ. 1972ರ ಪುರಾತನ ವಸ್ತುಗಳ ಕಾಯ್ದೆಯಡಿ ನೂರು ವರ್ಷ ದಾಟಿದ ಕಲಾಕೃತಿಯನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಪ್ರಿಂಟ್ ಇಂಗ್ಲೆಂಡಿನದು ಎಂಬ ಕಾರಣಕ್ಕೆ ವಿನಾಯಿತಿ ಸಿಗುತ್ತದೆ ಎಂದುಕೊಂಡು ಸೂಟ್‌ಕೇಸಿನಲ್ಲಿ ಇಡಬೇಡಿ. ಪರೀಕ್ಷೆಯಲ್ಲಿ ಹಾಳೆ ಇತ್ತೀಚಿನ ಪ್ರತಿ ಎಂದು ಗೊತ್ತಾದರೂ, ನೋಡಲು ಹಳೆಯದರಂತೆಯೇ ಇರುವುದರಿಂದ, ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ‘ಪುರಾತನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆದೇ ಕಳಿಸಿ.